ಕೇಳಿದರೆ ಮುನಿಸಿಕೊಳ್ಳುತ್ತಾರಾ?

ಪ್ರಶ್ನೆ: 2022ರಲ್ಲಿ ಯುಎಇ ಜೊತೆ ಒಪ್ಪಂದ ಆದಮೇಲೆ ನಮ್ಮಂಥ ವ್ಯಾಪಾರಿಗಳಿಗೆ ಸುಂಕದ ತಲೆನೋವು ಕಡಿಮೆಯಾಗಿದೆ. ನೀವು ನೋಡಿದರೆ ಗಲ್ಫಿನವರ ಹತ್ತಿರ ಮಾನವ ಹಕ್ಕಿನ ಮಾತೂ ಎತ್ತಬೇಕು ಅಂತ ಬರೆಯುತ್ತೀರಿ. ಅವರು ಮುನಿಸಿಕೊಂಡರೆ ನಷ್ಟ ಯಾರಿಗೆ?
– ಓದುಗರೊಬ್ಬರು, ಕುಂದಾಪುರ

ಉತ್ತರ: ನಿಮ್ಮ ಹೆದರಿಕೆ ಸುಳ್ಳಲ್ಲ. ಉಡುಪಿ, ಮಂಗಳೂರಿನಲ್ಲಿ ಗಲ್ಫಿನ ದುಡ್ಡು ತಾಗದ ಕೇರಿ ಸಿಗುವುದೇ ಕಷ್ಟ. ಒಪ್ಪಿದೆ.

ಆದರೆ ಆ ದುಡ್ಡು ಕಳಿಸಿದವನ ಕಡೆಗೂ ಒಮ್ಮೆ ನೋಡಿ ಮಾರಾಯ್ರೇ. ನಮ್ಮ ಪ್ರೆಸ್ಸಿನ ಪಕ್ಕದ ಹೋಟೆಲಿನಲ್ಲಿ ಚಾ ಕೊಡುತ್ತಿದ್ದ ಹುಡುಗ ಡ್ರೈವರ್ ಆಗಿ ಕತಾರಿಗೆ ಹೋದ. ಪಾಸ್‌ಪೋರ್ಟ್ ಕಫೀಲನ, ಅಂದರೆ ಅವನನ್ನು ಕೆಲಸಕ್ಕೆ ಕರೆಸಿಕೊಂಡ ಧಣಿಯ, ಕಪಾಟಿನಲ್ಲಿ. ಊರಿಗೆ ಬರಬೇಕಾದರೆ ಅವನ ಒಪ್ಪಿಗೆ ಚೀಟಿ ಬೇಕು. ಸಿಗಲಿಲ್ಲ. ಅಪ್ಪನ ಬೊಜ್ಜವನ್ನು (ಉತ್ತರಕ್ರಿಯೆಯನ್ನು) ಫೋನಿನಲ್ಲೇ ನೋಡಿದ. ಅದೂ ಪೂರ್ತಿ ಅಲ್ಲ, ನಡುವೆ ನೆಟ್‌ವರ್ಕ್ ಹೋಯಿತು.

ಆ ಚೀಟಿಯನ್ನು ಕತಾರ್ 2018ರಲ್ಲಿ ಹೆಚ್ಚಿನ ಕೆಲಸಗಾರರಿಗೆ, 2020ರಲ್ಲಿ ಮನೆಗೆಲಸದವರಿಗೂ ತೆಗೆದುಹಾಕಿತು. ಸುಮ್ನೆ ಮನಸ್ಸು ಕರಗಿ ಅಲ್ಲ. 2014ರಲ್ಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗೆ ದೂರು ಹೋಗಿತ್ತು, ಅಲ್ಲಿ ನಡೆಯಬೇಕಿದ್ದ ಫುಟ್‌ಬಾಲ್ ವಿಶ್ವಕಪ್ ಬೇರೆ ಹತ್ತಿರ ಬರುತ್ತಿತ್ತು. ಇಷ್ಟೆಲ್ಲ ಗಲಾಟೆಯಾಗಿ ಯಾರ ವ್ಯಾಪಾರ ನಿಂತಿತು, ಹೇಳಿ? ನಾವೇ 2024ರಲ್ಲಿ ಅವರಿಂದ ಗ್ಯಾಸ್ ಕೊಳ್ಳುವ ಒಪ್ಪಂದವನ್ನು 2048ರ ತನಕ ಮುಂದುವರಿಸಿದೆವು.

ನಾವೇನು ಮೊದಲಿಂದಲೂ ಇಷ್ಟು ಪುಕ್ಕಲರಾ? ದಕ್ಷಿಣ ಆಫ್ರಿಕಾದಲ್ಲಿ ಭಾರತೀಯರನ್ನು ಕೀಳಾಗಿ ಕಂಡರು ಅಂತ 1946ರಲ್ಲಿ, ಸ್ವಾತಂತ್ರ್ಯ ಬರುವ ಮೊದಲೇ, ಅವರ ಜೊತೆ ವ್ಯಾಪಾರವನ್ನೇ ಕಡಿದುಕೊಂಡ ದೇಶ ಇದು. ನಾನು ಅಷ್ಟು ದೂರ ಹೋಗಿ ಅಂತಲೂ ಹೇಳುತ್ತಿಲ್ಲ. ಒಪ್ಪಂದದಲ್ಲಿ ನಾಲ್ಕು ಸಾಲು ಬರೆಸಿ ಅಂತಿದ್ದೇನೆ. 2024ರಲ್ಲಿ ಸ್ವಿಟ್ಜರ್ಲೆಂಡ್, ನಾರ್ವೆ ಕಡೆಯವರು ಕೇಳಿದಾಗ ದೆಹಲಿ ಕಾರ್ಮಿಕರ ಮಾತನ್ನು ಒಪ್ಪಂದದೊಳಗೆ ಸೇರಿಸಿತು. ನಮ್ಮ ಮಕ್ಕಳೇ ಹೋಗಿ ದುಡಿಯುವ ಯುಎಇ ಜೊತೆಗಿನ ಒಪ್ಪಂದದಲ್ಲಿ ಕಾರ್ಮಿಕರಿಗೆ ಅಂತ ಒಂದು ಅಧ್ಯಾಯವೂ ಇಲ್ಲ. ಇದು ಯಾವ ಸೀಮೆಯ ಲೆಕ್ಕ?

ಕೇಳೋಣ ಅಂದರೆ ಯಾರನ್ನು ಕೇಳುವುದು? ಇಂಥ ಒಪ್ಪಂದಕ್ಕೆ ನಮ್ಮಲ್ಲಿ ಸಂಸತ್ತಿನ ಒಪ್ಪಿಗೆಯೇ ಬೇಕಿಲ್ಲ. ಸಂಪುಟ ಹೂಂ ಅಂದರೆ ಮುಗಿಯಿತು. ಎಂಪಿಗಳಿಗೂ ಅದೇ ಆರಾಮ. ಹೊಸ ರೈಲಿಗೆ ಹಸಿರು ಬಾವುಟ ತೋರಿಸಲು ಓಡಿ ಬರುತ್ತಾರೆ, ಕಫೀಲನ ವಿಷಯ ತೆಗೆದರೆ ಫೋನೇ ಎತ್ತುವುದಿಲ್ಲ.

ನಿಮ್ಮ ಅಕ್ಷರ ಚೆಂದ ಇದೆ, ವಾದಕ್ಕೆ ಖಾರವೂ ಇದೆ. ಮುಂದಿನ ಪತ್ರ ನಿಮ್ಮ ಎಂಪಿಗೇ ಬರೆಯಿರಿ. ಒಂದು ಪ್ರತಿ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.