ಅಮೆರಿಕದ ಸಿಟಿಜನ್‌ಶಿಪ್ ತಗೊಳ್ಳುವಾಗಲೇ ಹೆಸರು ಬದಲಾಯಿಸಬಹುದಾ?

ಪ್ರಶ್ನೆ: ನಾವು ಗದಗ ಕಡೆಯವರು, ಡೊಂಬಿವಲಿಗೆ ಬಂದು ನೆಲೆಸಿ ಬಹಳ ವರ್ಷ ಆಯಿತು. ಮಗ ನ್ಯೂಜೆರ್ಸಿಯಲ್ಲಿದ್ದಾನೆ, ಗ್ರೀನ್ ಕಾರ್ಡ್ ಇದೆ, ಈಗ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕುತ್ತಿದ್ದಾನೆ. ಪಾಸ್‌ಪೋರ್ಟಿನಲ್ಲಿ ಅವನ ಸರ್‌ನೇಮ್ ಜಾಗ ಖಾಲಿ. ಅದಕ್ಕೆ ಅಲ್ಲಿ ಎಲ್ಲ ಕಾಗದದಲ್ಲೂ ಎಫ್‌ಎನ್‌ಯು ಅಂತ ಬರುತ್ತದಂತೆ. ಈ ಸಲ ಹೆಸರನ್ನೇ ಬದಲಾಯಿಸಿ ಚಿಕ್ಕದು ಮಾಡಿಕೊಳ್ಳುತ್ತೇನೆ ಅನ್ನುತ್ತಾನೆ. ಇಲ್ಲಿ ಫ್ಲಾಟು, ಬ್ಯಾಂಕು ಎಲ್ಲದರಲ್ಲೂ ಹಳೇ ಹೆಸರಿದೆ. ಮುಂಬೈನ ಚರ್ನಿ ರೋಡಿನಲ್ಲಿರುವ ಸರ್ಕಾರಿ ಮುದ್ರಣಾಲಯಕ್ಕೆ ಹೋಗಿ ಹೆಸರು ಬದಲಾವಣೆಯ ಗೆಜೆಟ್ ಮಾಡಿಸಬೇಕಾ?

ಉತ್ತರ: ಗೆಜೆಟ್ ವಿಷಯ ಮೊದಲು ಮುಗಿಸೋಣ. ಬೇಡ. ಅವನು ಅಲ್ಲಿ ಹೆಸರು ಬದಲಾಯಿಸಿಕೊಂಡರೆ ಅದಕ್ಕೆ ಆಧಾರ ಅಲ್ಲಿನ ಕೋರ್ಟಿನ ಆದೇಶ. ಅದಕ್ಕಾಗಿ ನೀವು ಲೋಕಲ್ ಹತ್ತಿ ಓಡಾಡಬೇಕಾಗಿಲ್ಲ.

ಮಗನ ಮಾತಿನಲ್ಲಿ ನ್ಯಾಯ ಇದೆ. ನಮ್ಮ ಕಡೆ ಎಷ್ಟೋ ಜನಕ್ಕೆ ಸರ್‌ನೇಮ್ ಅನ್ನುವುದೇ ಇಲ್ಲ. ತನ್ನ ಹೆಸರು, ಅಪ್ಪನ ಹೆಸರು, ಮುಗಿಯಿತು. ಮಹಾರಾಷ್ಟ್ರದಲ್ಲಿ ಎಸ್‌ಎಸ್‌ಸಿ ಮಾರ್ಕ್‌ಶೀಟಿನಲ್ಲೇ ಸರ್‌ನೇಮ್ ಮೊದಲು ಬರುತ್ತದೆ, ಹಾಗಾಗಿ ಶಾಲೆಗೆ ಸೇರಿಸುವ ದಿನ ಊರ ಹೆಸರೋ ಅಜ್ಜನ ಹೆಸರೋ ಏನಾದರೊಂದು ಬರೆಸಿರುತ್ತೇವೆ, ಆಮೇಲೆ ಪಾಸ್‌ಪೋರ್ಟ್ ಮಾಡಿಸುವಾಗ ಅದು ಬಿಟ್ಟುಹೋಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇಲ್ಲದೆ ಬರೀ ‘ಮಂಜುನಾಥ ಶಿವಪ್ಪ’ ಅಂತಿದೆ ಅಂದುಕೊಳ್ಳಿ. ಅಮೆರಿಕದ ವೀಸಾದಲ್ಲಿ ಆ ಇಡೀ ಹೆಸರು ಸರ್‌ನೇಮ್ ಸಾಲಿಗೆ ಹೋಗುತ್ತದೆ. ಹೆಸರಿನ ಸಾಲಿನಲ್ಲಿ ಎಫ್‌ಎನ್‌ಯು, ಅಂದರೆ ಫಸ್ಟ್ ನೇಮ್ ಅನ್‌ನೋನ್. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಅದನ್ನೇ ಅವನ ಹೆಸರು ಅಂದುಕೊಂಡು ಕರೆಯುತ್ತಾರೆ. ತೊಟ್ಟಿಲಲ್ಲಿ ಹಾಕಿ ಹೆಸರಿಟ್ಟ ಮಗ ಹೆಸರು ಗೊತ್ತಿಲ್ಲದವನಾಗಿ ಬದುಕಬೇಕು ಅಂದರೆ ಬೇಜಾರಾಗುತ್ತದೆ ಅಲ್ವಾ?

ಇದನ್ನು ಸರಿಪಡಿಸಲು ಈಗಿನಷ್ಟು ಸುಲಭದ ಸಮಯ ಮತ್ತೆ ಸಿಗುವುದಿಲ್ಲ. ಅವನು ತುಂಬುವ ಎನ್-400 ಫಾರ್ಮಿನಲ್ಲೇ ‘ಹೆಸರು ಬದಲಾಯಿಸಲು ಇಷ್ಟವಿದೆಯೇ’ ಅನ್ನುವ ಪ್ರಶ್ನೆ ಇದೆ. ಹೌದು ಅಂತ ಗುರುತು ಹಾಕಿ ಹೊಸ ಹೆಸರು ಬರೆದರೆ ಆಯಿತು, ಅದಕ್ಕೆ ಬೇರೆ ಫೀಸಿಲ್ಲ. ಇಂಟರ್‌ವ್ಯೂನಲ್ಲಿ ಅಧಿಕಾರಿ ಕೋರ್ಟಿಗೆ ಹೋಗುವ ಅರ್ಜಿ ಕೊಟ್ಟು ಸಹಿ ಹಾಕಿಸುತ್ತಾರೆ. ಸಹಿಗೆ ಮುಂಚೆ ಅದನ್ನು ಅಕ್ಷರ ಅಕ್ಷರ ಓದಲಿ. ಅಲ್ಲಿ ತಪ್ಪಾದ ಸ್ಪೆಲಿಂಗೇ ಮುಂದೆ ಪೌರತ್ವದ ಸರ್ಟಿಫಿಕೇಟಿಗೆ ಹೋಗಿ ಕೂರುತ್ತದೆ.

ಒಂದು ವಿಷಯ ಮಾತ್ರ ಅವನಿಗೆ ಈಗಲೇ ಹೇಳಿ. ಪೌರತ್ವ ಕೊಡುವ ಇಲಾಖೆಗೆ, ಯುಎಸ್‌ಸಿಐಎಸ್ ಅನ್ನುತ್ತಾರಲ್ಲ, ಹೀಗೆ ಹೆಸರು ಬದಲಾಯಿಸುವ ಅಧಿಕಾರ ಇಲ್ಲ. ಕೋರ್ಟೇ ಮಾಡಬೇಕು. ಅದಕ್ಕೇ ಇಲಾಖೆ ತಾನೇ ನಡೆಸುವ ಪ್ರಮಾಣ ವಚನದ ಸಮಾರಂಭಕ್ಕೆ ಹೋದರೆ ಹೆಸರು ಬದಲಾಗುವುದಿಲ್ಲ, ಜಡ್ಜ್ ಎದುರು ನಡೆಯುವುದಕ್ಕೇ ಹೋಗಬೇಕು. ಕೆಲವು ಕಡೆ ಅಂಥ ದಿನಗಳು ಕಡಿಮೆ, ಜಾಸ್ತಿ ಕಾಯಬೇಕಾಗಬಹುದು. ಅರ್ಜೆಂಟಾಗಿ ಪಾಸ್‌ಪೋರ್ಟ್ ಬೇಕು ಅನ್ನುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಚಿಕ್ಕದು ಮಾಡುವ ಮಾತು. ಹೆಸರು ಅವನದು, ತೀರ್ಮಾನವೂ ಅವನದೇ. ಆದರೂ ನನ್ನ ಮಾತು ಕೇಳುವುದಾದರೆ, ಹೆಸರನ್ನು ಕತ್ತರಿಸುವುದು ಬೇಡ, ಜಾಗ ಸರಿಮಾಡಿಕೊಂಡರೆ ಸಾಕು. ಮಂಜುನಾಥ ಹೆಸರಿನ ಸಾಲಿಗೆ, ಶಿವಪ್ಪ ಸರ್‌ನೇಮ್ ಸಾಲಿಗೆ. ಎಫ್‌ಎನ್‌ಯು ಹೋಯಿತು, ಅಪ್ಪನ ಹೆಸರೂ ಉಳಿಯಿತು. ಆಫೀಸಿನಲ್ಲಿ ‘ಮಂಜು’ ಅಂತ ಕರೆಯುತ್ತಾರೆ ಅಂದರೆ ಕರೆಯಲಿ, ಅದಕ್ಕೆ ಸುಮ್ನೆ ಕೋರ್ಟಿನ ಆದೇಶ ಯಾಕೆ? ಬದಲಾವಣೆ ಎಷ್ಟು ಕಡಿಮೆಯೋ ಇಲ್ಲಿನ ಕಾಗದಗಳಿಗೆ ಹೊಂದಿಸುವ ಕಷ್ಟವೂ ಅಷ್ಟೇ ಕಡಿಮೆ.

ಪ್ರಮಾಣ ವಚನ ಆದ ಮೇಲೆ ಹೊಸ ಹೆಸರಿನ ಸರ್ಟಿಫಿಕೇಟ್ ಹಿಡಿದು ಸೋಷಿಯಲ್ ಸೆಕ್ಯುರಿಟಿ ಆಫೀಸಿನಲ್ಲಿ ಹೆಸರು ತಿದ್ದಿಸಲಿ, ಆಮೇಲೆ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಲಿ. 1955ರ ನಮ್ಮ ಪೌರತ್ವ ಕಾಯ್ದೆಯ ಪ್ರಕಾರ ತಾನಾಗಿ ಬೇರೆ ದೇಶದ ಪೌರತ್ವ ತಗೊಂಡ ಗಳಿಗೆಯಿಂದ ಅವನು ಭಾರತದ ಪೌರ ಅಲ್ಲ. ಹಳೇ ಪಾಸ್‌ಪೋರ್ಟ್ ಹಿಡಿದು ಗಣಪತಿ ಹಬ್ಬಕ್ಕೆ ಅಂತ ವಿಮಾನ ಹತ್ತಬಾರದು. ಅದನ್ನು ಸರೆಂಡರ್ ಮಾಡಿ, ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡಿಗೆ ಅರ್ಜಿ ಹಾಕಬೇಕು. ಎರಡು ಪಾಸ್‌ಪೋರ್ಟಿನಲ್ಲಿ ಎರಡು ಥರ ಹೆಸರಿರುವುದರಿಂದ ಬದಲಾವಣೆಯ ದಾಖಲೆ ಕೇಳುತ್ತಾರೆ. ಕೋರ್ಟಿನ ಕಾಗದ ಆಗ ಬೇಕು, ಮುಂದೆ ಪ್ಯಾನ್ ಮತ್ತು ಬ್ಯಾಂಕಿನಲ್ಲೂ ಬೇಕು. ಸರೆಂಡರ್ ಮಾಡುವ ಮುಂಚೆ ಹಳೇ ಪಾಸ್‌ಪೋರ್ಟಿನ ಪ್ರತಿ ಪುಟದ ಜೆರಾಕ್ಸ್ ತೆಗೆದಿಡಲಿ.

ಡೊಂಬಿವಲಿಯಲ್ಲಿ ಕೂತು ನೀವು ಮಾಡಬೇಕಾದ ಕೆಲಸವೂ ಇದೆ. ಫ್ಲಾಟಿನ ಹೌಸಿಂಗ್ ಸೊಸೈಟಿಯಲ್ಲಿ ಕೊಟ್ಟ ನಾಮಿನೇಷನ್ ಫಾರ್ಮಿನಲ್ಲಿ ಮಗನ ಹಳೇ ಹೆಸರಿರುತ್ತದೆ. ಎಫ್‌ಡಿ, ಎಲ್‌ಐಸಿಯಲ್ಲೂ ಅದೇ. ಎಲ್ಲಾ ಕಡೆ ಹೊಸ ನಾಮಿನೇಷನ್ ಕೊಡಿ. ವಿಲ್ ಬರೆದಿದ್ದರೆ ‘ಅಲಿಯಾಸ್’ ಅಂತ ಹಾಕಿ ಎರಡೂ ಹೆಸರು ಬರೆಸಿ. ಎರಡೂ ಹೆಸರಿನವನು ನಾನೇ ಅಂತ ಮಗನಿಂದ ಒಂದು ಅಫಿಡವಿಟ್ ಮಾಡಿಸಿ, ಅಲ್ಲೇ ನೋಟರಿ, ಅಪೊಸ್ಟಿಲ್ (ಕಾಗದ ಬೇರೆ ದೇಶದಲ್ಲೂ ನಡೆಯಲಿ ಅಂತ ಅಲ್ಲಿನ ಸರ್ಕಾರ ಕೊಡುವ ದೃಢೀಕರಣ) ಎರಡೂ ಮಾಡಿಸಿ ತರಿಸಿಟ್ಟುಕೊಳ್ಳಿ. ನೀವು ಗಟ್ಟಿಯಾಗಿರುವಾಗ ಇವು ಸಣ್ಣ ಕೆಲಸಗಳು. ನಾಳೆ ಅವನೊಬ್ಬನೇ ರಜೆ ಹಾಕಿ ಬಂದು ನಿಂತಾಗ ಬಹಳ ದೊಡ್ಡವಾಗುತ್ತವೆ.

ಪ್ರಶ್ನೆ: ಸೊಸೆ ಫಾರ್ಮಿನಲ್ಲಿ ಹೆಸರು ಬದಲಾವಣೆ ಕೇಳಿರಲಿಲ್ಲ. ಇಂಟರ್‌ವ್ಯೂ ಮುಗಿದು ಪ್ರಮಾಣ ವಚನದ ದಿನಾಂಕವೂ ಬಂದಿದೆ. ಈಗ ನಮ್ಮ ಮನೆತನದ ಹೆಸರು ಸೇರಿಸಬೇಕು ಅನ್ನುತ್ತಾಳೆ. (ಪುಣೆ)

ಉತ್ತರ: ಗಂಡನ ಸರ್‌ನೇಮ್ ಸೇರಿಸುವುದಾದರೆ ದಾರಿ ಹಗುರ. ಮದುವೆಯಿಂದ ಬರುವ ಹೆಸರಿಗೆ ಜಡ್ಜ್ ಬೇಕಾಗಿಲ್ಲ, ಮದುವೆ ಸರ್ಟಿಫಿಕೇಟ್ ತೋರಿಸಿದರೆ ಇಲಾಖೆಯೇ ಒಪ್ಪುತ್ತದೆ. ಸಮಾರಂಭಕ್ಕೆ ಮುಂಚೆಯೇ ಕೇಳಲಿ. ಆಗದಿದ್ದರೆ ಪ್ರಮಾಣ ವಚನವನ್ನು ಮಾತ್ರ ಮುಂದೆ ಹಾಕುವುದು ಬೇಡ. ಎನ್-565 ಅನ್ನುವ ಫಾರ್ಮ್ ಇದೆ, ಸಿಟಿಜನ್ ಆದ ಮೇಲೆ ಕೋರ್ಟಿನ ಆದೇಶದಿಂದ ಹೆಸರು ಬದಲಾಯಿಸಿಕೊಂಡವರು ಫೀಸು ಕಟ್ಟಿ ಸರ್ಟಿಫಿಕೇಟನ್ನು ಹೊಸ ಹೆಸರಿನಲ್ಲಿ ಪಡೆಯಬಹುದು.

ಪ್ರಶ್ನೆ: ಮಗಳ ಜೊತೆ ಮೊಮ್ಮಗನೂ ಸಿಟಿಜನ್ ಆಗುತ್ತಾನಂತೆ, ಅವನಿಗಿನ್ನೂ 12. ಅವನ ಹೆಸರೂ ಅದೇ ಫಾರ್ಮಿನಲ್ಲಿ ಸರಿಹೋಗುತ್ತದಾ? (ಮಡಗಾಂವ್)

ಉತ್ತರ: ಇಲ್ಲ. ಗ್ರೀನ್ ಕಾರ್ಡ್ ಇದ್ದು ಅಮ್ಮನ ಜೊತೆ ಅಲ್ಲೇ ಇರುವ, 18 ತುಂಬದ ಮಗುವಿಗೆ ಅಮ್ಮನಿಂದಲೇ ಪೌರತ್ವ ಬರುತ್ತದೆ, ಆದರೆ ಅಮ್ಮನ ಎನ್-400 ಅಮ್ಮನ ಹೆಸರನ್ನು ಮಾತ್ರ ಬದಲಾಯಿಸುತ್ತದೆ. ಮಗುವಿನ ಹೆಸರಿಗೆ ಅವರಿರುವ ರಾಜ್ಯದ ಕೋರ್ಟಿಗೆ ಬೇರೆ ಅರ್ಜಿ ಹಾಕಬೇಕು. ಅವನ ಪಾಸ್‌ಪೋರ್ಟಿಗೆ ಮುಂಚೆ ಅದು ಮುಗಿದರೆ ಒಳ್ಳೆಯದು, ಒಸಿಐ ಕಾರ್ಡೂ ಮೊದಲ ಸಲವೇ ಸರಿಯಾದ ಹೆಸರಿನಲ್ಲಿ ಬರುತ್ತದೆ.