ಪ್ರಶ್ನೋತ್ತರ: ಪ್ರಯಾಣಿಕರ ಮೈತೂಕ ಮತ್ತು ವಿಮಾನದ ಟಿಕೆಟ್ ದರ

ಈ ಸಲ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲಿವೆ. ವಿಮಾನದಲ್ಲಿ ಹೋಗುವವರಿಂದ ಅವರವರ ತೂಕ ನೋಡಿ ಹಣ ಪಡೆಯಬೇಕೇ?

ಪ್ರಶ್ನೆ: 52 ಕಿಲೋ ಇರೋ ಹೆಣ್ಣುಮಗಳು ತೊಗರಿಬ್ಯಾಳಿ, ಜ್ವಾಳದ ಹಿಟ್ಟು ತುಂಬಿದ 19 ಕಿಲೋ ಬ್ಯಾಗ್ ಒಯ್ದ್ರ ನಾಕು ಕಿಲೋಕ್ಕ ರೊಕ್ಕ ಕಟ್ಟಬೇಕು. 102 ಕಿಲೋ ಇರೋ ಮನಷ್ಯಾ ಸಣ್ಣ ಬ್ಯಾಗ್ ಹಿಡಕೊಂಡು ಹೋದ್ರ ಏನೂ ಇಲ್ಲ. ಮಂದೀನ್ನೂ ಸಾಮಾನಿನ ಜೋಡಿ ತೂಗಿ ದರ ಹಚ್ಚೋದು ನ್ಯಾಯ ಅಲ್ಲೇನ್ರಿ? (ಆಳಂದ)

ಉತ್ತರ: ವಿಮಾನಕ್ಕೆ ಮೈತೂಕ, ಬ್ಯಾಗಿನ ತೂಕ ಎಂಬ ಭೇದ ಇಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ರೂಪಾಯಿ ಲೆಕ್ಕ ಹಾಕಿ ನೋಡಿ. ಜೆಟ್ ವಿಮಾನ ಹೆಚ್ಚುವರಿ ತೂಕ ಹೊರಲು ಒಂದು ತಾಸಿಗೆ ಆ ತೂಕದ ಶೇ 3ರಿಂದ 4ರಷ್ಟು ಇಂಧನ ಸುಡುತ್ತದೆ. ನೀವು ಹೇಳಿದ ಇಬ್ಬರ ನಡುವಿನ ವ್ಯತ್ಯಾಸ 50 ಕಿಲೋ. ಕಲಬುರಗಿಯಿಂದ ಬೆಂಗಳೂರಿಗೆ ಹೆಚ್ಚುಕಡಿಮೆ ಒಂದು ತಾಸು ಎಂದು ಹಿಡಿದರೆ, ಹೆಚ್ಚಿಗೆ ಸುಡುವ ಇಂಧನ ಬಹಳವೆಂದರೆ 2 ಕಿಲೋ. ಈ ಇಂಧನ ಲೀಟರಿಗೆ ಸುಮಾರು 800 ಗ್ರಾಂ ತೂಗುವುದರಿಂದ ಅದು ಎರಡೂವರೆ ಲೀಟರ್. ಲೀಟರಿಗೆ 100 ರೂಪಾಯಿ ಹಾಕಿದರೂ 250 ರೂಪಾಯಿ ಆಯಿತು. ಅದೇ ವಿಮಾನದ ಟಿಕೆಟನ್ನು ತಿಂಗಳ ಮೊದಲು ತೆಗೆದವರಿಗೂ ಹಿಂದಿನ ದಿನ ತೆಗೆದವರಿಗೂ ದರದಲ್ಲಿ ಸಾವಿರಗಟ್ಟಲೆ ಅಂತರ ಇರುತ್ತದೆ. ಆ ಅಂತರದ ಮುಂದೆ ಮೈತೂಕದ್ದು ಲೆಕ್ಕಕ್ಕೇ ಬಾರದು.

ಇನ್ನೊಂದು ರೀತಿಯಲ್ಲೂ ನೋಡಬಹುದು. ಸಣ್ಣ ಊರುಗಳಿಗೆ ಹಾರುವ ಎಟಿಆರ್ 72 ಬರಿದಾಗಿದ್ದಾಗಲೇ ಸುಮಾರು 13,500 ಕಿಲೋ ತೂಗುತ್ತದೆ. 70 ಸೀಟಿಗೆ ಹಂಚಿದರೆ ಪ್ರತಿ ಸೀಟಿನ ಪಾಲಿಗೆ 190 ಕಿಲೋ ಮೀರಿದ ವಿಮಾನದ ಸ್ವಂತ ಭಾರ. ಕೂತವರು 60 ಕಿಲೋ ಇರಲಿ, 90 ಕಿಲೋ ಇರಲಿ, ಆ 190 ಕಿಲೋ ಹೊತ್ತೇ ಹಾರಬೇಕು. ಗುತ್ತಿಗೆ ಬಾಡಿಗೆ, ಪೈಲಟ್ ಸಂಬಳ, ಎಂಜಿನ್ ರಿಪೇರಿ, ಲ್ಯಾಂಡಿಂಗ್ ಶುಲ್ಕ ಇವೆಲ್ಲ ಸೀಟಿನ ಲೆಕ್ಕದಲ್ಲಿ ಹಂಚಿಹೋಗುತ್ತವೆ, ಕಿಲೋ ಲೆಕ್ಕದಲ್ಲಲ್ಲ. ಬೀದರ್‌ನಿಂದ 2020ರ ಫೆಬ್ರವರಿಯಲ್ಲಿ ಶುರುವಾದ ಬೆಂಗಳೂರು ವಿಮಾನ ಮಧ್ಯೆ ನಿಂತು ಮತ್ತೆ ಶುರುವಾಯಿತು. ಇಂಥ ಮಾರ್ಗಗಳಲ್ಲಿ ಕಂಪನಿಗೆ ಪೆಟ್ಟು ಕೊಡುವುದು ಖಾಲಿ ಸೀಟು, ದಪ್ಪಗಿನ ಪ್ರಯಾಣಿಕ ಅಲ್ಲ.

ಹಾಗಾದರೆ ಬ್ಯಾಗಿಗೆ ಮಾತ್ರ ಯಾಕೆ ದಂಡ? ಬ್ಯಾಗನ್ನು ಆಳುಗಳು ಕೈಯಿಂದ ಎತ್ತಿ ಹಾಕಬೇಕು, ಸಣ್ಣ ವಿಮಾನದ ಸಾಮಾನು ಕೋಣೆ ಬೇಗ ತುಂಬುತ್ತದೆ. ಒಂದೇ ಬ್ಯಾಗು 32 ಕಿಲೋ ಮೀರಬಾರದು ಎಂಬ ಮಿತಿ ಇರುವುದೂ ಎತ್ತುವವರ ಬೆನ್ನಿಗಾಗಿಯೇ. ಮುಚ್ಚುಮರೆ ಯಾಕೆ, ಅದು ಕಂಪನಿಯ ಆದಾಯವೂ ಹೌದು. ದೇಶದೊಳಗಿನ ಸಾಮಾನ್ಯ ಟಿಕೆಟಿಗೆ 15 ಕಿಲೋ ಬ್ಯಾಗು, 7 ಕಿಲೋ ಕೈಚೀಲ ಎಂದು ತಿಳಿದು ಮನೆಯಲ್ಲೇ ತೂಗಿ. ಕೊಕ್ಕೆ ತಕ್ಕಡಿ ಇಲ್ಲದಿದ್ದರೆ ಬ್ಯಾಗ್ ಹಿಡಿದು ಒಮ್ಮೆ, ಬಿಟ್ಟು ಒಮ್ಮೆ ಮನೆಯ ತೂಕದ ಯಂತ್ರದ ಮೇಲೆ ನಿಂತು ಕಳೆಯಿರಿ. ಅರ್ಧ ಕಿಲೋ ಹೆಚ್ಚುಕಡಿಮೆ ಬರುತ್ತದೆ, ಹಾಗಾಗಿ 14ಕ್ಕೇ ನಿಲ್ಲಿಸಿ. ಹೆಚ್ಚಾಗುವುದು ಖಚಿತವಿದ್ದರೆ ಕೌಂಟರಿಗೆ ಹೋಗುವ ಮೊದಲೇ ಆನ್‌ಲೈನ್‌ನಲ್ಲಿ ಕಟ್ಟಿ, ಸಾಮಾನ್ಯವಾಗಿ ಅಲ್ಲಿ ಅಗ್ಗ.

ಪ್ರಶ್ನೆ: ಅರ್ಧ ಖಾಲಿ ಇದ್ದ ವಿಮಾನದಲ್ಲೂ ಮುಂದೆ ಕೂತವರನ್ನು ಎಬ್ಬಿಸಿ ಹಿಂದೆ, ಹಿಂದಿನವರನ್ನು ಮುಂದೆ ಕಳಿಸುತ್ತಾರೆ. ಇದಕ್ಕೂ ತೂಕಕ್ಕೂ ಸಂಬಂಧ ಇದೆಯೇ? (ಬಸವಕಲ್ಯಾಣ)

ಉತ್ತರ: ಇದೆ. ತೂಕದ ನಿಜವಾದ ವಿಷಯ ಇರುವುದೇ ಇಲ್ಲಿ. ಒಟ್ಟು ಎಷ್ಟು ಭಾರ ಎಂಬುದರಷ್ಟೇ ಮುಖ್ಯವಾದದ್ದು ಆ ಭಾರ ಎಲ್ಲಿ ಕೂತಿದೆ ಎಂಬುದು. ಗುರುತ್ವ ಕೇಂದ್ರ, ಅಂದರೆ ಒಟ್ಟು ಭಾರ ಸಮತೋಲದಲ್ಲಿ ನಿಲ್ಲುವ ಬಿಂದು, ನಿಗದಿತ ಮಿತಿಗಿಂತ ಹಿಂದೆ ಸರಿದರೆ ಮೂತಿ ತಾನಾಗಿ ಮೇಲೇಳುತ್ತದೆ, ಅದನ್ನು ಕೆಳಗಿಳಿಸಲು ಬಾಲದಲ್ಲಿ ಮೇಲೆ ಕೆಳಗೆ ಆಡುವ ಎಲಿವೇಟರ್ ಎಂಬ ಹಲಗೆಗೆ ಬಲ ಸಾಲದೆ ಹೋಗಬಹುದು. ತೀರಾ ಮುಂದೆ ಸರಿದರೆ ನೆಲ ಬಿಟ್ಟು ಏಳುವುದೇ ಕಷ್ಟ. ಎಟಿಆರ್‌ನಲ್ಲಿ ಜನ ಹತ್ತುವುದು ಹಿಂಬಾಗಿಲಿನಿಂದ. ನಿಂತ ವಿಮಾನ ಹಿಂದಕ್ಕೆ ವಾಲದಂತೆ ಬಾಲದ ಕೆಳಗೆ ಊರುಗಂಬ ಕೊಡುವುದನ್ನು ನೀವೂ ನೋಡಿರಬಹುದು.

ಪ್ರತಿ ಹಾರಾಟಕ್ಕೂ ಲೋಡ್ ಅಂಡ್ ಟ್ರಿಮ್ ಶೀಟ್ ಎಂಬ ಲೆಕ್ಕಪತ್ರ ತಯಾರಾಗುತ್ತದೆ. ಕ್ಯಾಬಿನ್ನಿನ ಯಾವ ಭಾಗದಲ್ಲಿ ಎಷ್ಟು ಜನ, ಯಾವ ಸಾಮಾನು ಕೋಣೆಯಲ್ಲಿ ಎಷ್ಟು ಕಿಲೋ, ಎಷ್ಟು ಇಂಧನ ಎಂಬುದನ್ನು ಬರೆದು ಕ್ಯಾಪ್ಟನ್ ಒಪ್ಪಿದ ಮೇಲೇ ವಿಮಾನ ಹಾರುವುದು. ಸೀಟುಗಳು ಖಾಲಿ ಇವೆಯೆಂದು ಆರೇಳು ಜನ ಹೇಳದೆ ಕೇಳದೆ ಹಿಂದೆ ಹೋಗಿ ಕೂತರೆ ಆ ಕಾಗದ ಸುಳ್ಳಾಗುತ್ತದೆ. ದೊಡ್ಡ ವಿಮಾನ ಅದನ್ನು ತಾಳಿಕೊಳ್ಳುತ್ತದೆ, ಸಣ್ಣದು ತಾಳಲಿಕ್ಕಿಲ್ಲ. 2003ರ ಜನವರಿ 8ರಂದು ಅಮೆರಿಕದ ಷಾರ್ಲಟ್‌ನಲ್ಲಿ 19 ಸೀಟಿನ ಬೀಚ್‌ಕ್ರಾಫ್ಟ್ 1900ಡಿ ಏಳುತ್ತಲೇ ಬಿದ್ದು ಇಬ್ಬರು ಪೈಲಟ್‌ಗಳೂ ಸೇರಿ 21 ಜನ ಸತ್ತರು. ಎಲಿವೇಟರ್ ಕೇಬಲ್ಲನ್ನು ತಪ್ಪಾಗಿ ಹೊಂದಿಸಿದ್ದರು, ಜೊತೆಗೆ ಗುರುತ್ವ ಕೇಂದ್ರ ಮಿತಿ ಮೀರಿ ಹಿಂದಿತ್ತು. ಕಾಗದದ ಮೇಲೆ ಮಾತ್ರ ಎಲ್ಲವೂ ಮಿತಿಯೊಳಗೇ ಇತ್ತು, ಯಾಕೆಂದರೆ ಲೆಕ್ಕಕ್ಕೆ ಹಿಡಿದ ಸರಾಸರಿ ತೂಕ ಹಳೆಯದು. ಆಮೇಲೆ ಅಲ್ಲಿನ ಸರ್ಕಾರ ಸರಾಸರಿಯನ್ನು ಏರಿಸಿತು.

ಪ್ರಶ್ನೆ: ನಮ್ಮನ್ನು ಯಾರೂ ತೂಗುವುದಿಲ್ಲವಲ್ಲ, ಮತ್ತೆ ಆ ಲೆಕ್ಕ ಹೇಗೆ ಬರೆಯುತ್ತಾರೆ? (ಸುರಪುರ)

ಉತ್ತರ: ಸರಾಸರಿಯಿಂದ. ನಮ್ಮ ದೇಶದಲ್ಲಿ ದೊಡ್ಡವರಿಗೆ 75 ಕಿಲೋ, ಮಕ್ಕಳಿಗೆ 35, ಎರಡು ವರ್ಷದೊಳಗಿನ ಕೂಸಿಗೆ 10 ಎಂದು ಹಿಡಿಯುವುದು ರೂಢಿ. ಯುರೋಪಿನಲ್ಲಿ 30 ಸೀಟು ಮೀರಿದ ವಿಮಾನಕ್ಕೆ ಕೈಚೀಲವೂ ಸೇರಿ ದೊಡ್ಡವರಿಗೆ 84 ಕಿಲೋ.

ಜನ ಹೆಚ್ಚಿದ್ದಷ್ಟೂ ಸರಾಸರಿ ನಂಬಿಕಸ್ಥ. ಒಬ್ಬೊಬ್ಬರ ತೂಕ ಸರಾಸರಿಯಿಂದ 15 ಕಿಲೋದಷ್ಟು ಆಚೀಚೆ ಇರುತ್ತದೆ ಎಂದುಕೊಳ್ಳಿ. ಒಂಬತ್ತು ಜನ ಇದ್ದರೆ ಒಟ್ಟು ಲೆಕ್ಕ ಸುಮಾರು 45 ಕಿಲೋ ತಪ್ಪಬಹುದು, ಅದು ಅವರ ಒಟ್ಟು ಭಾರದ ಶೇ 6ಕ್ಕೂ ಹೆಚ್ಚು. 180 ಜನರಾದರೆ ತಪ್ಪು 200 ಕಿಲೋ, ಅಂದರೆ ಶೇ ಒಂದೂವರೆ. ಹಾಗಾಗಿ ತೀರಾ ಸಣ್ಣ ವಿಮಾನದಲ್ಲಿ ಪ್ರತಿಯೊಬ್ಬರನ್ನೂ ತೂಗುವುದೇ ಸರಿಯಾದ ಕ್ರಮ. ಆದರೆ ಸರಾಸರಿಯೇ ತಪ್ಪಿದ್ದರೆ ಜನ ಎಷ್ಟಿದ್ದರೂ ಉಪಯೋಗವಿಲ್ಲ: ತಲೆಗೆ 5 ಕಿಲೋ ಕಡಿಮೆ ಹಿಡಿದರೆ 180 ಜನರಿಗೆ 900 ಕಿಲೋ ಕಾಣೆ! ಅದನ್ನು ತಿದ್ದಲೆಂದೇ ಏರ್ ನ್ಯೂಜಿಲೆಂಡ್ 2023ರಲ್ಲಿ ಆಕ್ಲಂಡ್‌ನಲ್ಲೂ ಫಿನ್‌ಏರ್ 2024ರಲ್ಲಿ ಹೆಲ್ಸಿಂಕಿಯಲ್ಲೂ ಇಷ್ಟಪಟ್ಟವರನ್ನು ಕೈಚೀಲದ ಸಮೇತ ತೂಗಿದವು. ಹೆಸರು ಬರೆದುಕೊಳ್ಳಲಿಲ್ಲ. ಇಂಥ ತೂಕಕ್ಕೆ ನಮ್ಮ ತಕರಾರಿಲ್ಲ, ನಮ್ಮಲ್ಲೂ ಆಗಾಗ ಆಗಬೇಕು.

ಪ್ರಶ್ನೆ: ಬ್ಯಾಸಗಿಯೊಳಗ ಮಧ್ಯಾಹ್ನದ ವಿಮಾನಕ್ಕ ಸಾಮಾನು ಕಮ್ಮಿ ಮಾಡ್ತಾರ ಅಂತಾರಲ್ಲ, ಖರೇನಾ? (ಸೇಡಂ)

ಉತ್ತರ: ಆಗಬಹುದಾದದ್ದೇ. 43 ಡಿಗ್ರಿ ಬಿಸಿಲಲ್ಲಿ ಗಾಳಿ 15 ಡಿಗ್ರಿಯಲ್ಲಿ ಇರುವುದಕ್ಕಿಂತ ಸುಮಾರು ಶೇ 9ರಷ್ಟು ತೆಳು. ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿರುವ ಕಲಬುರಗಿ, ಬೀದರ್‌ಗಳಲ್ಲಿ ಇನ್ನೂ ತೆಳು. ರೆಕ್ಕೆಗೂ ಎಂಜಿನ್ನಿಗೂ ಬಲ ಕುಗ್ಗುತ್ತದೆ. ಕಲಬುರಗಿಯ ರನ್‌ವೇ 3,175 ಮೀಟರ್ ಇರುವುದರಿಂದ ಓಡಲು ಜಾಗದ ತೊಂದರೆ ಇಲ್ಲ, ಆದರೆ ಒಂದು ಎಂಜಿನ್ ಕೆಟ್ಟರೂ ಮೇಲೇರುವ ಶಕ್ತಿ ಉಳಿದಿರಬೇಕೆಂಬ ನಿಯಮ ಇದೆ. ಆ ಲೆಕ್ಕ ಕೂಡದಿದ್ದರೆ ಇಂಧನ, ಸಾಮಾನು, ಜನ ಇವುಗಳಲ್ಲಿ ಏನಾದರೂ ಕಡಿಮೆ ಆಗಲೇಬೇಕು. ಬೆಳಗಿನ ವಿಮಾನ ಇದ್ದರೆ ಅದನ್ನೇ ಹಿಡಿಯಿರಿ.

ಪ್ರಶ್ನೆ: ಕಿಲೋ ಲೆಕ್ಕದ ಟಿಕೆಟ್ ಎಲ್ಲಾದರೂ ಜಾರಿಯಲ್ಲಿದೆಯೇ? (ಕಲಬುರಗಿ)

ಉತ್ತರ: ಪೆಸಿಫಿಕ್ ದ್ವೀಪದ ಸಮೋವಾ ಏರ್ 2013ರ ಹೊತ್ತಿಗೆ ಮೈತೂಕ, ಸಾಮಾನು ಎರಡನ್ನೂ ಕೂಡಿಸಿ ಕಿಲೋಗಿಷ್ಟು ಎಂದು ಪಡೆಯುತ್ತಿತ್ತು. ಟಿಕೆಟ್ ತೆಗೆಯುವಾಗ ತೂಕ ಹೇಳಬೇಕು, ನಿಲ್ದಾಣದಲ್ಲಿ ತೂಗಿ ನೋಡುತ್ತಿದ್ದರು. ಸಣ್ಣ ಮಕ್ಕಳಿರುವ ಕುಟುಂಬಕ್ಕೆ ಅದು ಲಾಭವೇ ಆಗಿತ್ತು. ಅವರ ವಿಮಾನಗಳು ಹತ್ತು ಜನರೂ ಹಿಡಿಸದಷ್ಟು ಸಣ್ಣವು ಎಂಬುದನ್ನು ಮರೆಯಬೇಡಿ. 2015ರಲ್ಲಿ ಆ ಕಂಪನಿ ಮುಚ್ಚಿತು. ನಮ್ಮಲ್ಲಿ ಕೇದಾರನಾಥದ ಹೆಲಿಕಾಪ್ಟರಿನಲ್ಲಿ ಎಲ್ಲರನ್ನೂ ತೂಗಿ, ಮಿತಿ ಮೀರಿದವರಿಂದ ಕಿಲೋ ಲೆಕ್ಕದಲ್ಲಿ ಹೆಚ್ಚುವರಿ ಹಣ ಪಡೆಯುತ್ತಾರೆ. ಐದಾರು ಜನ ಕೂತು ಎತ್ತರದ ಬೆಟ್ಟಕ್ಕೆ ಹಾರುವಾಗ ಒಬ್ಬರ 30 ಕಿಲೋ ಹೆಚ್ಚಾದರೆ ಇನ್ನೊಬ್ಬರನ್ನು ಬಿಟ್ಟು ಹೋಗಬೇಕಾದೀತು, ಅಲ್ಲಿ ಅದಕ್ಕೆ ಅರ್ಥ ಇದೆ. 50 ಸೀಟಿನ ಎಂಬ್ರಾಯರ್‌ಗಾಗಲಿ 70 ಸೀಟಿನ ಎಟಿಆರ್‌ಗಾಗಲಿ ಇಲ್ಲ.

ಪ್ರಶ್ನೆ: ನಮ್ಮ ಕಾಕಾ 135 ಕಿಲೋ ಇದ್ದಾರ. ಒಂದು ಸೀಟಿನಾಗ ಕೂಡ್ತಾರೇನ್ರಿ, ಎರಡು ತಗೋಬೇಕಾ? (ಭಾಲ್ಕಿ)

ಉತ್ತರ: ಇದನ್ನು ಹೇಳುವುದು ತಕ್ಕಡಿಯಲ್ಲ, ಟೇಪು. ಇಕಾನಮಿ ಸೀಟಿನ ಅಗಲ ಸಾಮಾನ್ಯವಾಗಿ 43ರಿಂದ 46 ಸೆಂಟಿಮೀಟರ್. ಕೈಯಿಲ್ಲದ ಕುರ್ಚಿಯಲ್ಲಿ ಕಾಕಾ ಅವರನ್ನು ಕೂರಿಸಿ, ಸೊಂಟದ ಎರಡೂ ಬದಿಗೆ ನೆಟ್ಟಗೆ ಪುಸ್ತಕ ಹಿಡಿದು ನಡುವಿನ ಅಂತರ ಅಳೆಯಿರಿ. ಒಂದೆರಡು ಸೆಂಟಿಮೀಟರ್ ಹೆಚ್ಚಿದ್ದರೆ ಹೇಗೋ ಹೊಂದಿಕೊಳ್ಳಬಹುದು. ಅದಕ್ಕೂ ಮೀರಿದರೆ ಎರಡು ಸೀಟು ತೆಗೆಯುವುದೇ ಒಳ್ಳೆಯದು. ಕೆನಡಾದಲ್ಲಿ ದೇಶದೊಳಗಿನ ಹಾರಾಟಕ್ಕೆ ಇಂಥವರಿಂದ ಎರಡನೇ ಸೀಟಿನ ಹಣ ಪಡೆಯಬಾರದೆಂದು 2008ರಲ್ಲಿ ಆದೇಶವಾಗಿದೆ. ಅದು ನ್ಯಾಯದ ದಾರಿ ಎಂಬುದು ನಮ್ಮ ಅಭಿಪ್ರಾಯ, ಆದರೆ ಇಲ್ಲಿ ಅದನ್ನು ನಂಬಿಕೊಂಡು ಹೊರಡಬೇಡಿ.

ಎರಡನೇ ಸೀಟನ್ನು ಮನೆಯ ಇನ್ನೊಬ್ಬರ ಹೆಸರಿನಲ್ಲಿ ತೆಗೆಯಬೇಡಿ. ಅವರು ಬರದಿದ್ದರೆ ಆ ಸೀಟು ಬೇರೆಯವರಿಗೆ ಹೋಗಬಹುದು. ಕಂಪನಿಗೆ ಫೋನ್ ಮಾಡಿ, ಒಂದೇ ಪಿಎನ್‌ಆರ್‌ನಲ್ಲಿ ಹೆಚ್ಚುವರಿ ಸೀಟು ಎಂದೇ ಬರೆಸಿ, ಎರಡೂ ಅಕ್ಕಪಕ್ಕ ಬಂದಿವೆಯೇ ನೋಡಿ. ಮೊದಲ ಸಾಲನ್ನೂ ತುರ್ತು ಬಾಗಿಲ ಸಾಲನ್ನೂ ಬಿಡಿ. ಮೊದಲ ಸಾಲಿನಲ್ಲಿ ಊಟದ ಹಲಗೆ ಸೀಟಿನ ಕೈಯೊಳಗೇ ಇರುವುದರಿಂದ ಎರಡು ಸೀಟುಗಳ ನಡುವಿನ ಆ ಕೈ ಮೇಲೇಳುವುದಿಲ್ಲ, ತುರ್ತು ಸಾಲಿನಲ್ಲಿ ಸೀಟ್ ಬೆಲ್ಟನ್ನು ಉದ್ದ ಮಾಡುವ ಜೋಡಣೆ ಪಟ್ಟಿ ಹಾಕಿಕೊಂಡವರನ್ನು ಕೂರಿಸುವುದಿಲ್ಲ. ಆ ಪಟ್ಟಿ ಒಳಗೆ ಕಾಲಿಟ್ಟ ಕೂಡಲೇ ಗಗನಸಖಿಯನ್ನು ಕೇಳಿದರೆ ಪುಕ್ಕಟೆ ಸಿಗುತ್ತದೆ. ಹೊರಗೆ ಕೊಂಡು ತಂದದ್ದನ್ನು ಹಾಕಲು ಬಿಡುವುದಿಲ್ಲ, ಕೊಂಡಿ ಹೊಂದದಿರಬಹುದು.