ಎಡಗೈಯಲ್ಲಿ ಬರೆಯುವ ಮಗ ಬಲಗೈ ಬ್ಯಾಟಿಂಗ್ ಮಾಡಿದರೆ ಬದಲಿಸಬೇಕೇ?

ನಿಮ್ಮ ಮಗನಿಗೆ ಎಂಟು ವರ್ಷ, ಬರೆಯುವುದು, ಉಣ್ಣುವುದು, ಕಲ್ಲೆಸೆಯುವುದು ಎಲ್ಲವೂ ಎಡಗೈ, ಬ್ಯಾಟ್ ಹಿಡಿದಾಗ ಮಾತ್ರ ಬಲಗೈಯವರ ಹಾಗೆ ನಿಲ್ಲುತ್ತಾನೆ. ಎಡಗೈ ಬ್ಯಾಟರ್‌ಗೆ ತಂಡದಲ್ಲಿ ಬೇಗ ಜಾಗ ಸಿಗುತ್ತದೆ, ಈಗಲೇ ತಿರುಗಿಸಿ ಎಂದು ಯಾರೋ ಹೇಳಿದ್ದಾರೆ. ಇಷ್ಟೇ ತಾನೇ? ತಿರುಗಿಸಬೇಡಿ. ಉತ್ತರ ಇಲ್ಲಿಗೇ ಮುಗಿಯಿತು. ಆದರೆ ನನಗೂ ಒಬ್ಬರು ಹೀಗೆಯೇ ಒಂದು ಮಾತಿನಲ್ಲಿ ಹೇಳಿದ್ದರು, ನಾನು ಕೇಳಲಿಲ್ಲ. ನೀವೂ ಕೇಳಲಿಕ್ಕಿಲ್ಲ ಎಂಬ ಅನುಮಾನದಿಂದ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಉಡುಪಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಹುಟ್ಟಿನಿಂದ ಎಡಚಿ. ಒಂದನೇ ತರಗತಿಯಲ್ಲಿ ಬಳಪ ಎಡಗೈಗೆ ಬಂದಾಗಲೆಲ್ಲ ಗೆಣ್ಣಿನ ಮೇಲೆ ಅಡಿಕೋಲು ಬೀಳುತ್ತಿತ್ತು. ಮನೆಯಲ್ಲಿ ಅಜ್ಜಿ, ಉಣ್ಣುವ ಹೊತ್ತಿಗೆ ನನ್ನ ಎಡಗೈಯನ್ನು ಹಳೆ ಸೀರೆಯ ತುಂಡಿನಿಂದ ಸೊಂಟಕ್ಕೆ ಕಟ್ಟುತ್ತಿದ್ದರು. ಅವರ ಮೇಲೆ ಸಿಟ್ಟಿಲ್ಲ, ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಅದೇ ಕಥೆ. ಫಲಿತಾಂಶ ಏನೆಂದರೆ, ಈಗ ನಾನು ಬರೆಯುವುದು ಬಲಗೈ, ಕತ್ತರಿ ಹಿಡಿಯುವುದು ಬಲಗೈ, ಕಾಯಿ ತುರಿಯುವುದು ಎಡಗೈ, ಮೀನು ಕೊಯ್ಯುವುದು ಎಡಗೈ, ಸಿಟ್ಟು ಬಂದಾಗ ಮೇಲೇಳುವುದೂ ಎಡಗೈ.

ಮಗಳು ಹುಟ್ಟಿ, ತಟ್ಟೆಯ ಅನ್ನಕ್ಕೆ ಮೊದಲ ಸಲ ಎಡಗೈ ಹಾಕಿದ ದಿನವೇ ನಾನು ನಿರ್ಧರಿಸಿಬಿಟ್ಟೆ: ಇವಳ ಕೈಯನ್ನು ಯಾರೂ ಮುಟ್ಟಬಾರದು. ಅತ್ತೆಯವರ ಜೊತೆ ಒಂದು ಒಪ್ಪಂದಕ್ಕೆ ಬಂದೆವು. ದೇವಸ್ಥಾನದ ಪಂಕ್ತಿಯಲ್ಲಿ ಬಲಗೈ, ಮನೆಯಲ್ಲಿ ಅವಳಿಷ್ಟ. ಶಾಲೆಗೆ ಹೋಗಿ ಟೀಚರಿಗೆ ಹೇಳಿ ಬಂದೆ, ಬೆಂಚಿನ ಎಡ ತುದಿಯಲ್ಲಿ ಕೂರಿಸಿದರು, ಪಕ್ಕದವಳ ಮೊಣಕೈಗೆ ತಾಗುವ ಜಗಳ ತಪ್ಪಿತು. ಅಲ್ಲಿಯವರೆಗೆ ನಾನು ಒಳ್ಳೆಯ ತಾಯಿಯೇ. ತೊಂದರೆ ಶುರುವಾದದ್ದು ನನಗೆ ಅದರಲ್ಲಿ ಸ್ವಲ್ಪ ಜಂಬ ಬಂದ ಮೇಲೆ.

2017ರ ಮಳೆಗಾಲದಲ್ಲಿ ಮಹಿಳೆಯರ ವಿಶ್ವಕಪ್ ನಡೆಯಿತು. ಹೊರಗೆ ಧೋ ಎಂದು ಮಳೆ, ಅಂಗಡಿಗೆ ಗಿರಾಕಿ ಇಲ್ಲ, ತಾಯಿ ಮಗಳು ಇಬ್ಬರೂ ಟಿವಿ ಮುಂದೆ. ಮೊದಲ ಪಂದ್ಯದಲ್ಲಿ ಇಂಗ್ಲೆಂಡ್ ವಿರುದ್ಧ ಸ್ಮೃತಿ ಮಂಧಾನಾ 90 ಹೊಡೆದರು, ಮುಂದಿನದರಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಔಟಾಗದೆ 106. ಎಡಗೈ ಬ್ಯಾಟಿಂಗ್ ಇಷ್ಟು ಚಂದ ಇರುತ್ತದೆಂದು ನನಗೆ ಅಂದೇ ಗೊತ್ತಾದದ್ದು. ಒಂಬತ್ತು ವರ್ಷದ ಮಗಳು ಅದಾಗಲೇ ದೊಡ್ಡಪ್ಪನ ಮಕ್ಕಳ ಜೊತೆ ಅಂಗಳದಲ್ಲಿ ತೆಂಗಿನ ಮಡಲಿನ ಕೊತ್ತಳಿಗೆಯನ್ನೇ ಬ್ಯಾಟ್ ಮಾಡಿಕೊಂಡು ಆಡುತ್ತಿದ್ದಳು. ಮಳೆ ನಿಂತ ಮೇಲೆ ಅವಳನ್ನು ತರಬೇತಿಗೆ ಸೇರಿಸಿದೆ. ಅಲ್ಲಿ ಅವಳು ಚೆಂಡೆಸೆದದ್ದು ಎಡಗೈಯಲ್ಲಿ. ಬ್ಯಾಟ್ ಹಿಡಿದು ನಿಂತದ್ದು ಮಾತ್ರ ಬಲಗೈಯವರ ಹಾಗೆ.

ನನ್ನ ತಲೆಗೆ ಹೊಳೆದದ್ದು ಒಂದೇ: ಅಣ್ಣಂದಿರನ್ನು ನೋಡಿ ಕೆಟ್ಟಿದ್ದಾಳೆ. ಬಲಗೈ ಲೋಕ ಇವಳನ್ನೂ ತಿರುಚಿಬಿಟ್ಟಿದೆ! ಮಸ್ಕತ್‌ನಲ್ಲಿದ್ದ ಯಜಮಾನರಿಗೆ ಫೋನ್ ಮಾಡಿ ಎಡಗೈ ಬ್ಯಾಟರ್‌ಗಳ ಗ್ಲೌಸ್ ತರಿಸಿದೆ. (ಬ್ಯಾಟಿಗೆ ಎಡ ಬಲ ಇಲ್ಲ, ಗ್ಲೌಸಿಗೆ ಇದೆ. ಹಿಡಿಯ ಕೆಳಗೆ ಬರುವ ಕೈಯ ಹೆಬ್ಬೆರಳಿಗೆ ಹೆಚ್ಚಿನ ರಕ್ಷಣೆ ಇರುತ್ತದೆ, ಆದ್ದರಿಂದ ಅದಲು ಬದಲು ಮಾಡಲಾಗದು. ನಮ್ಮ ಕಡೆ ತರಬೇತಿಯ ಸಾಮಾನ್ಯ ಕಿಟ್ ಚೀಲದಲ್ಲಿ ಎಡಗೈಯವರದ್ದು ಹುಡುಕಿದರೂ ಸಿಗುತ್ತಿರಲಿಲ್ಲ.) ಗ್ಲೌಸ್ ತೆಗೆದುಕೊಂಡು ಹೋಗಿ ತರಬೇತಿ ಕೊಡುವ ಸರ್ ಮುಂದೆ ಇಟ್ಟೆ. ಅವರು ಮಗಳನ್ನು ಒಮ್ಮೆ ನೋಡಿ, "ಅಕ್ಕಾ, ಅವಳು ಸರಿಯಾಗಿಯೇ ನಿಂತಿದ್ದಾಳೆ" ಎಂದರು.

ನಾನು ಬಿಡಲಿಲ್ಲ. ಗಂಗೂಲಿ ಬರೆಯುವುದು ಬಲಗೈ, ಆಡಿದ್ದು ಎಡಗೈ. ಸ್ಮೃತಿಯೂ ಹುಟ್ಟಾ ಬಲಗೈಯವಳು, ತಂದೆಯ ಆಸೆಯಿಂದ ಎಡಗೈ ಬ್ಯಾಟರ್ ಆದವಳು. ಬಲಗೈಯವರೇ ಎಡಕ್ಕೆ ತಿರುಗಿ ಗೆದ್ದಿರುವಾಗ ಹುಟ್ಟಾ ಎಡಚಿಗೆ ಏನು ಕಷ್ಟ? ಮನಸ್ಸು ಮಾಡಿದರೆ ಯಾವ ಕಡೆಯಿಂದಲೂ ಆಡಬಹುದು, ಗವಾಸ್ಕರ್ ಕೂಡ ಒಮ್ಮೆ ಎಡಗೈಯಲ್ಲಿ ಆಡಿಲ್ಲವೇ ಎಂದೂ ಸೇರಿಸಿದೆ. ಅದು ಯಜಮಾನರು ಫೋನಿನಲ್ಲಿ ಹೇಳಿಕೊಟ್ಟ ಮಾತು. ಸರ್ ನಕ್ಕರು. "1982ರ ರಣಜಿ ಸೆಮಿಫೈನಲ್. ಎದುರಿಗೆ ನಮ್ಮ ಪುತ್ತೂರಿನ ರಘುರಾಮ ಭಟ್ಟರು, ಎಡಗೈ ಸ್ಪಿನ್. ಪಿಚ್ ಬುಗುರಿಯ ಹಾಗೆ ತಿರುಗಿಸುತ್ತಿತ್ತು. ಬಲಗೈಯಲ್ಲಿ ಆಡಿದರೆ ಚೆಂಡು ಹೊರಕ್ಕೆ ಹೋಗಿ ಅಂಚಿಗೆ ತಾಗುತ್ತದೆಂದು ಗವಾಸ್ಕರ್ ಎಡಕ್ಕೆ ತಿರುಗಿ ನಿಂತು ಸೋಲು ತಪ್ಪಿಸಿಕೊಂಡರು. ನಿಮ್ಮ ಮಗಳು ಯಾವ ಸೋಲು ತಪ್ಪಿಸಿಕೊಳ್ಳಬೇಕು?" ನನಗೆ ಉತ್ತರ ಇರಲಿಲ್ಲ. ಉತ್ತರ ಇಲ್ಲದಾಗ ನಾನು ದನಿ ಏರಿಸುತ್ತೇನೆ. ಶುಲ್ಕ ಕಟ್ಟುವವಳು ನಾನು ಎಂಬ ಮಾತೂ ಬಾಯಿಂದ ಬಂತು. ಅವರು ಸುಮ್ಮನಾದರು.

ನನ್ನ ತಪ್ಪು ಏನೆಂದು ದಯವಿಟ್ಟು ನಿಧಾನವಾಗಿ ಓದಿ, ಏಕೆಂದರೆ ನೀವು ಮಾಡಲು ಹೊರಟಿರುವುದು ಅದನ್ನೇ. ಒಂದು ಪೊರಕೆ ತೆಗೆದುಕೊಂಡು ಬಲಗೈ ಬ್ಯಾಟರ್ ಹಾಗೆ ನಿಂತು ನೋಡಿ. ಹಿಡಿಯ ಮೇಲ್ಭಾಗದಲ್ಲಿ ಯಾವ ಕೈ ಇದೆ? ಎಡಗೈ. ಬಲಗೈ ಕೆಳಗಿದೆ. ನೇರ ಬ್ಯಾಟಿನಲ್ಲಿ ಆಡುವಾಗ, ಡ್ರೈವ್ ಮಾಡುವಾಗ ಬ್ಯಾಟನ್ನು ನಡೆಸುವುದು ಮೇಲಿನ ಕೈ. ಕೆಳಗಿನ ಕೈ ಪುಲ್ ಹೊಡೆಯಲು, ಅಂದರೆ ಚೆಂಡನ್ನು ಅಡ್ಡಕ್ಕೆ ಎಳೆದು ಹೊಡೆಯಲು, ಕೊನೆಯಲ್ಲಿ ಬಲ ಕೊಡಲು. ಅಂದರೆ 'ಬಲಗೈ ಬ್ಯಾಟರ್' ಎಂಬ ಹೆಸರೇ ಅರ್ಧ ಸುಳ್ಳು. ನನ್ನ ಮಗಳು ಬಲಗೈಯವರ ಹಾಗೆ ನಿಂತಾಗ ಅವಳ ಗಟ್ಟಿ ಕೈ, ಎಡಗೈ, ಎಲ್ಲಿರಬೇಕೋ ಅಲ್ಲೇ, ಮೇಲೆಯೇ ಇತ್ತು. ಗಂಗೂಲಿಯನ್ನೂ ಸ್ಮೃತಿಯನ್ನೂ ಈಗ ನೋಡಿ. ಗಟ್ಟಿ ಕೈ ಬಲಗೈ, ನಿಂತದ್ದು ಎಡಕ್ಕೆ, ಆದ್ದರಿಂದ ಗಟ್ಟಿ ಕೈ ಮೇಲೆ. ಅವರೂ ನನ್ನ ಮಗಳೂ ಒಂದೇ ಜಾತಿಯವರು, ಕನ್ನಡಿಯಲ್ಲಿ ಕಂಡಷ್ಟೇ ವ್ಯತ್ಯಾಸ. ನಾನು ಅವರ ಹೆಸರು ಹೇಳಿಕೊಂಡು, ಅವರಿಗಿದ್ದ ಅನುಕೂಲವನ್ನೇ ಮಗಳಿಂದ ಕಿತ್ತು ಹಾಕಿದೆ. ಗಟ್ಟಿ ಕೈಯನ್ನು ಕೆಳಕ್ಕೆ ಇಳಿಸಿದೆ. ತೆಂಡುಲ್ಕರ್ ಬರೆಯುವುದು ಎಡಗೈ, ಆಡಿದ್ದು ಬಲಗೈ ಎಂಬುದು ಆಗ ನೆನಪಿಗೆ ಬರಲಿಲ್ಲ. ಅದೇ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತ ನಮ್ಮ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಎಡಗೈಯಲ್ಲಿ ಬೌಲಿಂಗ್ ಮಾಡಿ ಬಲಗೈಯವರಂತೆ ಬ್ಯಾಟ್ ಹಿಡಿಯುತ್ತಾರೆ ಎಂಬುದೂ ಕಣ್ಣಿಗೆ ಬೀಳಲಿಲ್ಲ. ಟಿವಿಯಲ್ಲಿ ನನಗೆ ಬೇಕಾದದ್ದನ್ನು ಮಾತ್ರ ನೋಡಿದ್ದೆ.

ನಾಚಿಕೆಯ ಸಂಗತಿಯೆಂದರೆ, ಹೊಲಿಯುವವಳಾಗಿ ನನಗೆ ಇದು ಮೊದಲೇ ಗೊತ್ತಿರಬೇಕಿತ್ತು. ಮೆಷಿನ್ನಿನಲ್ಲಿ ಬಲಗೈ ಚಕ್ರ ತಿರುಗಿಸುತ್ತದೆ, ಬಟ್ಟೆಯನ್ನು ಸೂಜಿಯ ಕೆಳಗೆ ನೇರವಾಗಿ ನಡೆಸುವುದು ಎಡಗೈ. ನನ್ನ ಹೊಲಿಗೆ ನೇರ ಬರುತ್ತದೆಂದು ಗಿರಾಕಿಗಳು ಹೊಗಳುವುದು ನನ್ನ ಎಡಗೈಯನ್ನು. ಮೂವತ್ತು ವರ್ಷ ದಿನಾ ಮಾಡಿದ ಕೆಲಸ ಮೈದಾನದಲ್ಲಿ ಮರೆತುಹೋಯಿತು.

ಎರಡು ಋತು ಹೀಗೆ ಹೋಯಿತು. ಎಡಕ್ಕೆ ತಿರುಗಿದ ಮೇಲೆ ಅವಳ ಹೊಡೆತವೆಲ್ಲ ಅಡ್ಡಡ್ಡ. ಕೆಳಗಿಳಿದ ಗಟ್ಟಿ ಕೈ ಬ್ಯಾಟನ್ನು ಎಳೆದು ಎಳೆದು, ಚೆಂಡು ಲೆಗ್ ಕಡೆಗೆ ಮೇಲಕ್ಕೆ ಹಾರುತ್ತಿತ್ತು. ಅಭ್ಯಾಸ ಸಾಲದು ಎಂದು ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಕಾಲುಚೀಲದೊಳಗೆ ಚೆಂಡು ಕಟ್ಟಿ ಹಲಸಿನ ಕೊಂಬೆಗೆ ನೇತುಹಾಕಿ ಹೊಡೆಸಿದೆ. 2019ರಲ್ಲಿ ಒಂದು ಆಯ್ಕೆಗೆ ಕರೆದುಕೊಂಡು ಹೋದೆ. ನೇರ ಬಂದ ಚೆಂಡನ್ನು ಅಡ್ಡ ಬ್ಯಾಟಿನಲ್ಲಿ ಆಡಲು ಹೋಗಿ ಎರಡು ಸಲ ಬೌಲ್ಡ್. ಎಡಗೈ ಬ್ಯಾಟರ್ ಎಂದು ಅವಳನ್ನು ಯಾರೂ ಬೇರೆ ಸಾಲಿನಲ್ಲಿ ನಿಲ್ಲಿಸಲಿಲ್ಲ. ಬಸ್ಸಿನಲ್ಲಿ ಮರಳುವಾಗ ನಾನು ಆಯ್ಕೆ ಮಾಡಿದವರನ್ನು ಬೈಯುತ್ತಿದ್ದೆ, ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಆ ವರ್ಷ ಡಿಸೆಂಬರ್ ರಜೆಗೆ ಬ್ರಹ್ಮಾವರದ ಕಡೆ ಭಾವನವರ ಮನೆಗೆ ಹೋಗಿದ್ದೆವು. ಕೊಯ್ಲು ಮುಗಿದ ಗದ್ದೆಯಲ್ಲಿ ಮಕ್ಕಳ ಆಟ. ಗದ್ದೆಯ ಹುಣಿ ಬೌಂಡರಿ, ಬೈಹುಲ್ಲಿನ ರಾಶಿಗೆ ತಾಗಿದರೆ ಎರಡು ರನ್, ಪಕ್ಕದವರ ಬಾವಿಗೆ ಬಿದ್ದರೆ ಔಟ್. ನಾನು ಚಹಾ, ಗೋಳಿಬಜೆ ಹಿಡಿದು ತೆಂಗಿನ ಸಾಲಿನ ಹಿಂದಿನಿಂದ ಬರುತ್ತಿದ್ದೆ. ಮಗಳು ಬ್ಯಾಟ್ ಹಿಡಿದಿದ್ದಳು, ಬಲಗೈಯವರ ಹಾಗೆ. ಅಣ್ಣ ಎಸೆದ ಚೆಂಡು ಅವಳ ಬ್ಯಾಟಿಗೆ ತಾಗಿ ಅವನ ಕಾಲ ಪಕ್ಕದಲ್ಲೇ ನೆಲಕ್ಕೆ ಅಂಟಿಕೊಂಡು ನೇರ ಹುಣಿಗೆ ಹೋಯಿತು. ಇನ್ನೊಂದು. ಮತ್ತೂ ಒಂದು. ಅವಳು ಜೋರಾಗಿ ನಗುತ್ತಿದ್ದಳು, ಆ ನಗು ಕೇಳಿ ನನಗೆ ಎಷ್ಟು ಕಾಲವಾಗಿತ್ತೋ. ಅಷ್ಟರಲ್ಲಿ ನನ್ನನ್ನು ಕಂಡಳು. ಕಂಡವಳೇ ಎರಡು ಹೆಜ್ಜೆ ಸರಿದು, ಕೈ ಬದಲಿಸಿ, ಎಡಗೈಯವರ ಹಾಗೆ ನಿಂತಳು.

"ಯಾಕೆ ತಿರುಗಿದೆ?" ಎಂದು ಕೇಳಿದೆ.

"ನೀನು ಬಂದೆಯಲ್ಲ ಅಮ್ಮ."

ನನ್ನ ಗೆಣ್ಣಿನ ಮೇಲೆ ಬೀಳುತ್ತಿದ್ದ ಅಡಿಕೋಲು ನೆನಪಾಯಿತು. ಟೀಚರ್ ತರಗತಿಗೆ ಬಂದ ಕೂಡಲೇ ಬಳಪವನ್ನು ಬಲಗೈಗೆ ದಾಟಿಸುತ್ತಿದ್ದೆನಲ್ಲ, ಅದೇ ಚುರುಕು ಅವಳ ಕೈಯಲ್ಲಿ. ಗೋಳಿಬಜೆ ಕೊಟ್ಟು ಒಳಗೆ ಬಂದುಬಿಟ್ಟೆ. ಆ ರಾತ್ರಿ, ನಿನಗೆ ಬೇಕಾದ ಹಾಗೆ ಆಡು ಎಂದೆ. ಅವಳು ನಂಬಲಿಲ್ಲ. ಮರುವರ್ಷ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಮೈದಾನಗಳೆಲ್ಲ ಮುಚ್ಚಿ, ಅಂಗಳದಲ್ಲಿ ನಾನೇ ಚೆಂಡೆಸೆಯಬೇಕಾಗಿ ಬಂದಾಗ, ನಾಲ್ಕೈದು ದಿನ ನನ್ನ ಮುಖ ನೋಡಿ ನೋಡಿ, ಕೊನೆಗೆ ಬಲಕ್ಕೆ ತಿರುಗಿದಳು.

ಈಗ ಅವಳಿಗೆ ಹದಿನೇಳು. ಪಿಯುಸಿ ಓದುತ್ತಾಳೆ, ಕಾಲೇಜು ತಂಡದಲ್ಲಿದ್ದಾಳೆ. ಎಡಗೈ ಸ್ಪಿನ್ ಅವಳ ಮುಖ್ಯ ಕೆಲಸ, ಬ್ಯಾಟಿಂಗಿಗೆ ಬರುವುದು ಏಳನೆಯವಳಾಗಿ. ಎರಡು ವರ್ಷ ಹಾಳು ಮಾಡದಿದ್ದರೆ ಮೇಲಿನ ಕ್ರಮಾಂಕದಲ್ಲಿ ಆಡುತ್ತಿದ್ದಳೇನೋ. ಆ ಲೆಕ್ಕ ಅವಳು ಮಾಡುವುದಿಲ್ಲ, ನಾನು ಮಾಡುತ್ತೇನೆ. ಕ್ರೀಸಿಗೆ ಹೋದಾಗ ಈಗಲೂ ಒಂದು ಕ್ಷಣ ಎರಡೂ ಕಡೆ ನೋಡಿ ಆಮೇಲೆ ನಿಲ್ಲುತ್ತಾಳೆ. ಫೀಲ್ಡಿಂಗ್ ನೋಡುತ್ತಿದ್ದಾಳೆಂದು ಉಳಿದವರು ತಿಳಿಯುತ್ತಾರೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಡಗೈಗೆ ಲಾಭ ಇಲ್ಲವೆಂದು ನಾನು ಹೇಳುತ್ತಿಲ್ಲ. ಹತ್ತರಲ್ಲಿ ಒಬ್ಬರಷ್ಟೇ ಎಡಚರು, ಎದುರಾಳಿಗೆ ಅಭ್ಯಾಸ ಇರುವುದಿಲ್ಲ. ಬ್ಯಾಡ್ಮಿಂಟನ್, ಟೇಬಲ್ ಟೆನಿಸ್‌ನಲ್ಲಿ ಅದು ಒದಗುತ್ತದೆ, ವಾಲಿಬಾಲ್‌ನಲ್ಲಿ ನೆಟ್ಟಿನ ಬಲ ತುದಿಯಿಂದ ಹೊಡೆಯಲು ಎಡಚರನ್ನು ಹುಡುಕುತ್ತಾರೆ. ಹಾಕಿಗೆ ಹಾಕಿದರೆ ಮಾತ್ರ ಎಲ್ಲರಿಗೂ ಒಂದೇ ಬಗೆಯ ಕೋಲು, ಎಡಗೈಯವರ ಕೋಲೆಂಬುದು ನಿಯಮದಲ್ಲೇ ಇಲ್ಲ. ನಿಮ್ಮ ಮಗನ ಎಡಗೈಯ ಲಾಭ ಅವನ ಎಸೆತದಲ್ಲಿದೆ. ಅಲ್ಲಿ ಖರ್ಚು ಮಾಡಿ, ಎಡಗೈ ಬೌಲಿಂಗ್ ಬಲ್ಲವರೊಬ್ಬರು ಸಿಕ್ಕಿದರೆ ಬಿಡಬೇಡಿ. ಬ್ಯಾಟನ್ನು ಅವನಿಗೆ ಬಿಡಿ. ಎಂಟು ವರ್ಷದ ಹುಡುಗನಿಗೆ ತಂಡದಲ್ಲಿ ಜಾಗ ಯಾವ ಬದಿಗೆ ನಿಂತರೆ ಸಿಗುತ್ತದೆ ಎಂಬ ಪ್ರಶ್ನೆಯೇ ನನಗೆ ಹಿಡಿಸಲಿಲ್ಲ, ಕ್ಷಮಿಸಿ.

ಅನುಮಾನ ಹೋಗದಿದ್ದರೆ ಒಂದು ಪರೀಕ್ಷೆ ಮಾಡಿ. ಒಂದು ಕೊತ್ತಳಿಗೆಯೋ ಹಳೆ ಪೊರಕೆಯೋ ಕೊಟ್ಟು, ಓರಗೆಯ ಮಕ್ಕಳ ನಡುವೆ ಬಿಟ್ಟು, ನೀವು ಅಲ್ಲಿಂದ ಹೋಗಿಬಿಡಿ. ಮರೆಯಲ್ಲಿ ನಿಂತು ನೋಡುವುದೂ ಬೇಡ, ಸಂಜೆ ಉಳಿದ ಮಕ್ಕಳನ್ನು ಕೇಳಿ. ಅವನು ಎಡಕ್ಕೇ ನಿಂತಿದ್ದನೆಂದರೆ ಎಡಕ್ಕೇ ಆಡಲಿ, ಆಗ ಗ್ಲೌಸ್ ಕೊಳ್ಳಿ.

ಮಸ್ಕತ್‌ನಿಂದ ಬಂದ ಆ ಗ್ಲೌಸ್ ನನ್ನ ಕಪಾಟಿನಲ್ಲಿ ಇನ್ನೂ ಇದೆ. ಸಣ್ಣ ಅಳತೆ, ಎಂಟು ವರ್ಷದ ಕೈಗೆ ಸ್ವಲ್ಪ ಸಡಿಲ, ಮುಂದಿನ ವರ್ಷಕ್ಕೆ ಸರಿಯಾಗುತ್ತದೆ. ಪರೀಕ್ಷೆ ಮಾಡದೆ ಕೇಳಿದರೆ ಕೊಡುವುದಿಲ್ಲ.